ಹಳೆ ಜಿಪ್ಸಿ ಕಿಂಗ್: ಗೇರ್‌ಬಾಕ್ಸ್, ಟ್ರಾನ್ಸ್‌ಫರ್, ಡಿಫ್‌ಗೆ ಯಾವ ಆಯಿಲ್, ಎಷ್ಟು?

ಮೂಡಿಗೆರೆ ಕಿಂಗ್

ಗಾಡಿ 1998ರ ಜಿಪ್ಸಿ ಕಿಂಗ್, ಕಾರ್ಬ್ಯುರೇಟರ್ ಇಂಜಿನ್, ಹಾರ್ಡ್‌ಟಾಪ್. ತೋಟದ ರಸ್ತೆ, ಆಗಾಗ ಚಾರ್ಮಾಡಿ ಇಳಿಯೋದು, ಮಳೆಗಾಲದಲ್ಲಿ ಹಳ್ಳ ದಾಟೋದು. ಮೂರನೇ ಗೇರಿಂದ ಎರಡಕ್ಕೆ ಇಳಿಸುವಾಗ ಕರ್ರ್ ಅನ್ನುತ್ತೆ, ಬೆಳಗ್ಗೆ ಹೊತ್ತು ಜಾಸ್ತಿ. ಹಿಂದಿನ ಸಲ ನಾಲ್ಕೂ ಕಡೆಗೆ ಒಂದೇ ಡಬ್ಬದ "ಇಪಿ 90" ಬಿದ್ದಿದೆ. ಈಗ ಒಬ್ಬರು 140 ಹಾಕಿ ಸದ್ದು ನಿಲ್ಲುತ್ತೆ ಅಂತಾರೆ, ಇನ್ನೊಬ್ಬರು ಸಿಂಥೆಟಿಕ್ 75ಡಬ್ಲ್ಯೂ-90 ಅಂತಾರೆ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನ ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚೋ ಪೆಟ್ಟಿಗೆ), ಮುಂದಿನ ಡಿಫ್ (ಡಿಫರೆನ್ಷಿಯಲ್, ಆಕ್ಸಲ್‌ನಲ್ಲಿರೋ ಗೇರ್ ಜೋಡಣೆ), ಹಿಂದಿನ ಡಿಫ್‌ಗೆ ಯಾವುದು, ಎಷ್ಟೆಷ್ಟು ಅಂತ ಗೊತ್ತಿರೋರು ಹೇಳಿ.

ಹಳೆಕಬ್ಬಿಣ

ಮೊದಲು ಅಳತೆ. 5 ಸ್ಪೀಡ್ ಗೇರ್‌ಬಾಕ್ಸ್‌ಗೆ 1.3 ಲೀಟರ್, ಟ್ರಾನ್ಸ್‌ಫರ್‌ಗೆ 0.8, ಮುಂದಿನ ಡಿಫ್‌ಗೆ 2.0, ಹಿಂದಿನ ಡಿಫ್‌ಗೆ 1.5. ಮುಂದಿನದಕ್ಕೇ ಹೆಚ್ಚು ಹಿಡಿಯುತ್ತೆ, ತಿರುವುಮುರುವು ಓದ್ಕೋಬೇಡಿ.

ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್‌ಗೆ ಜಿಎಲ್-4 (ಜಿಎಲ್ ಅಂದರೆ ಗೇರ್ ಆಯಿಲ್‌ನ ದರ್ಜೆ), 75ಡಬ್ಲ್ಯೂ-90 ಅಥವಾ 80ಡಬ್ಲ್ಯೂ-90. ಎರಡೂ ಡಿಫ್‌ಗೆ ಜಿಎಲ್-5, 80ಡಬ್ಲ್ಯೂ-90. ಅಂದರೆ ಜಿಎಲ್-4 ಒಟ್ಟು 2.1 ಲೀಟರ್, ಜಿಎಲ್-5 ಒಟ್ಟು 3.5 ಲೀಟರ್ ಬೇಕು. ಅಂಗಡಿಯಲ್ಲಿ ಅರ್ಧ ಲೀಟರ್ ಡಬ್ಬ ಸಿಕ್ಕಿದರೆ ಎರಡೂವರೆ ಮತ್ತು ಮೂರೂವರೆ ತಗೊಳ್ಳಿ. ಸಿಗದಿದ್ದರೆ ಮೂರು, ನಾಲ್ಕು.

ಈ ಲೀಟರ್ ಲೆಕ್ಕ ಕೊಳ್ಳೋದಕ್ಕೆ ಮಾತ್ರ. ತುಂಬುವಾಗ ಗಾಡಿ ಸಮತಟ್ಟಾಗಿ ನಿಂತಿರಬೇಕು, ಲೆವೆಲ್ ಪ್ಲಗ್ ತೂತಿನ ಕೆಳ ಅಂಚಿಗೆ ಆಯಿಲ್ ಬರಬೇಕು. ಅದೇ ಕೊನೆಯ ಮಾತು.

ಸ್ಪ್ಯಾನರ್ ಹದಿನಾಲ್ಕು

"ಇಪಿ 90" ಅನ್ನೋ ಹೆಸರೇ ಅರ್ಧ ಸಮಸ್ಯೆ. ಇಪಿ ಅಂದರೆ ಒತ್ತಡ ತಡೆಯೋ ರಾಸಾಯನಿಕ ಇದೆ ಅಂತ, 90 ಅಂದರೆ ದಪ್ಪ ಎಷ್ಟು ಅಂತ. ಆ ರಾಸಾಯನಿಕ ಎಷ್ಟಿದೆ ಅನ್ನೋದನ್ನ ಜಿಎಲ್ ನಂಬರ್ ಹೇಳುತ್ತೆ, ಅಂಗಡಿಯವರು ಅದನ್ನ ಕೇಳೋದೇ ಇಲ್ಲ. ಜಿಎಲ್-4ರಲ್ಲೂ ಇಪಿ 90 ಇದೆ, ಜಿಎಲ್-5ರಲ್ಲೂ ಇದೆ. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ "ಎಪಿಐ ಸರ್ವಿಸ್" ಸಾಲು ಹುಡುಕಿ. ಆ ಸಾಲೇ ಇಲ್ಲದ ಡಬ್ಬ, ಡ್ರಮ್ಮಿಂದ ಅಳೆದು ಕೊಡೋ ಲೂಸ್ ಆಯಿಲ್, ಎರಡೂ ಬೇಡ.

ಪಿನಿಯನ್

ಎರಡು ಬೇರೆ ಆಯಿಲ್ ಯಾಕೆ ಅಂತ ಗೊತ್ತಾದರೆ ಅಂಗಡಿಯಲ್ಲಿ ಯಾರು ಏನೇ ಹೇಳಿದರೂ ಗೊಂದಲ ಆಗಲ್ಲ.

ಡಿಫ್ ಒಳಗಿನ ಕ್ರೌನ್ (ದೊಡ್ಡ ಗೇರ್) ಮತ್ತು ಪಿನಿಯನ್ (ಅದನ್ನ ತಿರುಗಿಸೋ ಸಣ್ಣ ಗೇರ್) ಹೈಪಾಯ್ಡ್ ಜಾತಿ. ಪಿನಿಯನ್ನಿನ ನಡುರೇಖೆ ಕ್ರೌನಿನ ನಡುರೇಖೆಗೆ ಸೇರಲ್ಲ, ಪಕ್ಕಕ್ಕೆ ಸರಿದಿರುತ್ತೆ. ಅದರಿಂದ ಹಲ್ಲುಗಳು ಉರುಳೋದರ ಜೊತೆಗೆ ಉದ್ದಕ್ಕೂ ಜಾರುತ್ತಾ ಹೋಗುತ್ತವೆ. ಭಾರದಲ್ಲಿ ಹೀಗೆ ಜಾರಿದಾಗ ಆಯಿಲ್ ಪೊರೆ ಒರೆಸಿಹೋಗುತ್ತೆ. ಆಗ ಗಂಧಕ ಮತ್ತು ರಂಜಕದ ಇಪಿ ಸಂಯುಕ್ತಗಳು ಬಿಸಿಯಾದ ಉಕ್ಕಿನ ಮೇಲೆ ತೆಳು ಪದರ ಕಟ್ಟಿ, ಕಬ್ಬಿಣಕ್ಕೆ ಕಬ್ಬಿಣ ಅಂಟಿ ಕಿತ್ತುಬರದ ಹಾಗೆ ಕಾಯುತ್ತವೆ. ಜಿಎಲ್-5ರಲ್ಲಿ ಈ ಸಂಯುಕ್ತಗಳು ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು.

ಗೇರ್‌ಬಾಕ್ಸ್ ಒಳಗೆ ಹೈಪಾಯ್ಡ್ ಇಲ್ಲ, ಸಮಾನಾಂತರ ಶಾಫ್ಟ್ ಮೇಲೆ ಹೆಲಿಕಲ್ ಗೇರ್. ಆದರೆ ಅಲ್ಲಿ ಹಿತ್ತಾಳೆಯ ಸಿಂಕ್ರೊ ರಿಂಗ್ ಇದೆ. ಗೇರ್ ಹಾಕುವಾಗ ರಿಂಗಿನ ಒಳಮೈಯಲ್ಲಿರೋ ಸಣ್ಣ ಗೀರುಗಳು ಗೇರಿನ ಪಕ್ಕದ ಕೋನಿನ ಮೇಲಿನ ಆಯಿಲ್ ಪೊರೆಯನ್ನ ಕತ್ತರಿಸಿ, ಕೋನನ್ನ ಹಿಡಿದು, ಎರಡರ ವೇಗ ಸಮ ಮಾಡಬೇಕು. ಇದಕ್ಕೆ ಘರ್ಷಣೆ ಬೇಕು. ಜಿಎಲ್-5 ಅಲ್ಲಿ ವಿಪರೀತ ಜಾರಿಕೆ ಕೊಡುತ್ತೆ, ರಿಂಗ್ ಹಿಡಿಯೋದಕ್ಕೆ ಮುಂಚೆ ಗೇರನ್ನ ಶಾಫ್ಟಿಗೆ ಸೇರಿಸೋ ಸ್ಲೀವ್ ಮುಂದೆ ಹೋಗಿ ಹಲ್ಲಿಗೆ ಹಲ್ಲು ತಾಗುತ್ತೆ. ನಿಮಗೆ ಕೇಳೋ ಕರ್ರ್ ಅದೇ ಇರಬಹುದು. ಎರಡನೇ ಗೇರಲ್ಲೇ ಮೊದಲು ಗೊತ್ತಾಗೋದು, ಯಾಕೆಂದರೆ ಅಲ್ಲಿ ಸಮ ಮಾಡಬೇಕಾದ ವೇಗದ ಅಂತರ ದೊಡ್ಡದು, ಊರೊಳಗೆ ಅದರ ಬಳಕೆಯೂ ಜಾಸ್ತಿ.

ಗಂಧಕ ಹಿತ್ತಾಳೆಯನ್ನ ತಿನ್ನುತ್ತೆ ಅನ್ನೋ ವಾದವೂ ಸುಳ್ಳಲ್ಲ. ಆದರೆ ಈಗಿನ ಒಳ್ಳೆ ಆಯಿಲ್‌ಗಳಲ್ಲಿ ಗಂಧಕ ಮೊದಲಿನಷ್ಟು ಚುರುಕಲ್ಲ, ಅದು ನಿಧಾನದ ಹಾನಿ. ಘರ್ಷಣೆ ಕಮ್ಮಿಯಾಗೋದು ಮೊದಲ ದಿನದಿಂದಲೇ ಗೊತ್ತಾಗುತ್ತೆ.

ಹುಬ್ಳಿ ಗ್ಯಾರೇಜ್

ಎಲ್ಲಾ ಖರೆ ರೀ, ಆದ್ರ ಕರ್ರ್ ಅಂದ ಕೂಡ್ಲೆ ಆಯಿಲ್ ಮ್ಯಾಲ ತಪ್ಪು ಹಾಕಬ್ಯಾಡ್ರಿ. ಮೊದ್ಲ ಕ್ಲಚ್ ನೋಡ್ರಿ. ಇಂಜಿನ್ ಐಡಲ್‌ನ್ಯಾಗ ಇಟ್ಟು ಕ್ಲಚ್ ಪೂರ್ತಿ ತುಳೀರಿ, ಐದು ಸೆಕೆಂಡ್ ತಡೀರಿ, ಆಮ್ಯಾಲ ಸಾವಕಾಶ ರಿವರ್ಸ್ ಹಾಕ್ರಿ. ರಿವರ್ಸ್‌ಗೆ ಸಿಂಕ್ರೊ ಇಲ್ಲ. ಅದು ಸದ್ದಿಲ್ದ ಬಿತ್ತಂದ್ರ ಕ್ಲಚ್ ಛಲೋ ಬಿಡಾಕತ್ತೈತಿ. ಅಷ್ಟು ತಡದ್ರೂ ಕರ್ರ್ ಅಂದ್ರ ಕ್ಲಚ್ ಪೂರ್ತಿ ಬಿಡವಲ್ದು, ಯಾವ ಆಯಿಲ್ ಹಾಕಿದ್ರೂ ಉಪಯೋಗಿಲ್ಲ.

ಜಿಪ್ಸಿದು ಕೇಬಲ್ ಕ್ಲಚ್. ಕೇಬಲ್ ಹಿಗ್ಗಿ ಪೆಡಲ್ ಆಟ ಜಾಸ್ತಿ ಆಗಿರ್ತೈತಿ. ಅಡ್ಜಸ್ಟ್ ನಟ್ ತಿರುವಿ ನೋಡ್ರಿ, ಕಾಸು ಖರ್ಚಿಲ್ಲ. ಆದ್ರ ಆಟ ಪೂರ್ತಿ ತಗೀಬ್ಯಾಡ್ರಿ, ತಗದ್ರ ರಿಲೀಸ್ ಬೇರಿಂಗ್ ಯಾವಾಗ್ಲೂ ತಿಕ್ಕಿ ಹಾಳಾಗ್ತೈತಿ.

ಮೂಡಿಗೆರೆ ಕಿಂಗ್

ರಿವರ್ಸ್ ತಡೆದು ಹಾಕಿದರೆ ಸದ್ದಿಲ್ಲ. ಹಾಗಾದರೆ ಕ್ಲಚ್ ಅಲ್ಲ. 140 ಬಗ್ಗೆ ಹೇಳಿ. ಅಂಗಡಿಯವರು "ಹಳೆ ಗಾಡಿಗೆ ದಪ್ಪ ಆಯಿಲ್" ಅಂತ ಬಿಡ್ತಾನೇ ಇಲ್ಲ.

ಹಳೆಕಬ್ಬಿಣ

ಗೇರ್‌ಬಾಕ್ಸ್‌ಗೆ 140 ಖಂಡಿತ ಬೇಡ. ಬೇರಿಂಗ್ ಗೊರಗೊರ ಕಮ್ಮಿ ಕೇಳಿಸುತ್ತೆ, ಬೇರಿಂಗ್ ಮಾತ್ರ ಹಾಗೇ ಸವೆಯುತ್ತಿರುತ್ತೆ. ಮೂಡಿಗೆರೆ ಚಳಿ ಬೆಳಗ್ಗೆಗೆ 140 ಹಾಕಿದರೆ ಸಿಂಕ್ರೊ ರಿಂಗ್ ಆ ದಪ್ಪ ಪೊರೆ ಕತ್ತರಿಸಲಾರದೆ ಮೊದಲ ಒಂದೆರಡು ಕಿಲೋಮೀಟರ್ ಗೇರೇ ಬೀಳಲ್ಲ. ಮಾರುವಾಗ ಸದ್ದು ಮುಚ್ಚೋಕೆ 140 ಹಾಕೋರಿದ್ದಾರೆ. ಹಳೆ ಗಾಡಿ ಕೊಳ್ಳೋರು ಲೆವೆಲ್ ಪ್ಲಗ್ ಬಿಚ್ಚಿ, ಬೆರಳು ಹಾಕಿ ದಪ್ಪ ನೋಡೋದು ಒಳ್ಳೇದು.

ಪಿನಿಯನ್

ನಂಬರ್ ಹೆದರಿಸುತ್ತೆ, ಅಷ್ಟೇ. ಗೇರ್ ಆಯಿಲ್‌ನ ಅಳತೆ ಬೇರೆ, ಇಂಜಿನ್ ಆಯಿಲ್‌ನ ಅಳತೆ ಬೇರೆ. 100 ಡಿಗ್ರಿ ಬಿಸಿಯಲ್ಲಿ 90 ಗೇರ್ ಆಯಿಲ್ 13.5ರಿಂದ 18.5 ಸೆಂಟಿಸ್ಟೋಕ್ (ದಪ್ಪದ ಅಳತೆ). ಇಂಜಿನ್ ಆಯಿಲ್‌ನ 40, 50 ಇದ್ದ ಹಾಗೆ. 140 ಅಂದರೆ 24ರಿಂದ 32.5. ಮಧ್ಯದಲ್ಲಿ 110 ಅನ್ನೋ ದರ್ಜೆಯೇ ಇದೆ, ಅಂದರೆ 90ರಿಂದ 140ಕ್ಕೆ ಹೋಗೋದು ಎರಡು ಮೆಟ್ಟಿಲು ಹಾರಿದ ಹಾಗೆ.

ಇನ್ನು 75ಡಬ್ಲ್ಯೂನೋ 80ಡಬ್ಲ್ಯೂನೋ ಅನ್ನೋದು ಚಳಿಯ ಲೆಕ್ಕ. 75ಡಬ್ಲ್ಯೂ ಪರೀಕ್ಷೆ ಆಗೋದು ಮೈನಸ್ 40 ಡಿಗ್ರಿಯಲ್ಲಿ, 80ಡಬ್ಲ್ಯೂ ಮೈನಸ್ 26ರಲ್ಲಿ, 85ಡಬ್ಲ್ಯೂ ಮೈನಸ್ 12ರಲ್ಲಿ. ಕೆನಡಾದಲ್ಲಿ ಇದೇ ಗಾಡಿಯನ್ನ ಸಮುರಾಯ್ ಅಂತ ಓಡಿಸೋರು 75ಡಬ್ಲ್ಯೂಗೆ ಒತ್ತಾಯಿಸೋದು ಅವರ ಊರಿಗೆ ಸರಿ. ನಮ್ಮ ಕಡೆ ಅದರ ಲಾಭ ಬೆಳಗಿನ ಮೊದಲ ಹತ್ತಿಪ್ಪತ್ತು ಗೇರ್ ಬದಲಾವಣೆಯಲ್ಲಿ ಮಾತ್ರ. ನಿಮಗೆ ತೊಂದರೆ ಇರೋದೂ ಅಲ್ಲೇ. ಅದಕ್ಕೆ ಗೇರ್‌ಬಾಕ್ಸ್‌ಗೆ ಮಾತ್ರ ಸಿಂಥೆಟಿಕ್ 75ಡಬ್ಲ್ಯೂ-90 ಜಿಎಲ್-4 ತಗೊಳ್ಳಿ, 1.3 ಲೀಟರ್‌ಗೆ ಎಷ್ಟು ಮಹಾ ದುಡ್ಡು. ಡಿಫ್‌ಗೆ ಸಿಂಥೆಟಿಕ್ ದಂಡ. ಹಳ್ಳ ದಾಟಿದಾಗೆಲ್ಲ ಬದಲಾಯಿಸಬೇಕಾಗಿ ಬರೋ ಜಾಗ ಅದು.

ಎಚ್ಚರಿಕೆ ಒಂದಿದೆ. ಅಂಗಡಿಯಲ್ಲಿ ಸಿಗೋ ಸಿಂಥೆಟಿಕ್ 75ಡಬ್ಲ್ಯೂ-90ಗಳಲ್ಲಿ ಬಹಳಷ್ಟು ಜಿಎಲ್-5. ದುಬಾರಿ ಅಂತ ಒಳ್ಳೇದು ಅಂದ್ಕೊಂಡು ಅದನ್ನೇ ಗೇರ್‌ಬಾಕ್ಸ್‌ಗೆ ಹಾಕಿದರೆ ಈಗಿರೋ ತೊಂದರೆಯೇ ಮುಂದುವರಿಯುತ್ತೆ.

ಘಟ್ಟದ ಗಾಡಿ

ಡಿಫ್ ವಿಷಯದಲ್ಲಿ 140ಯನ್ನ ಅಷ್ಟು ಸುಲಭವಾಗಿ ತಳ್ಳಿಹಾಕೋ ಹಾಗಿಲ್ಲ. ಟ್ರೈಲರ್ ಕಟ್ಟಿ, ಗೊಬ್ಬರ ಹೇರಿ, ಲೋ ಗೇರಲ್ಲಿ ಏರು ಹತ್ತೋ ತೋಟದ ಗಾಡಿಗೆ 85ಡಬ್ಲ್ಯೂ-140 ಜಿಎಲ್-5 ಹಿಂದಿನ ಡಿಫ್‌ಗೆ ಹೊಂದುತ್ತೆ. ವೇಗ ಕಮ್ಮಿ, ಭಾರ ಜಾಸ್ತಿ ಇದ್ದಾಗ ದಪ್ಪ ಪೊರೆ ಬೇಕೇಬೇಕು.

ಪಿನಿಯನ್

ಒಪ್ಪುತ್ತೇನೆ, ಬರೀ ಅದೇ ಕೆಲಸದ ಗಾಡಿಯಾದರೆ. ಅದೇ ಗಾಡಿ ಹೆದ್ದಾರಿಯಲ್ಲಿ 80ರ ವೇಗಕ್ಕೆ ಓಡೋದಾದರೆ ದಪ್ಪ ಆಯಿಲ್ ಕಲಕೋದರಲ್ಲೇ ಬಿಸಿ ಏರುತ್ತೆ, ಪಿನಿಯನ್ ಬೇರಿಂಗಿಗೆ ಹರಿದು ಹೋಗೋದೂ ನಿಧಾನ. ತೋಟ, ಘಾಟಿ ಎರಡೂ ಇರೋ ಇವರ ಗಾಡಿಗೆ 80ಡಬ್ಲ್ಯೂ-90 ಸಾಕು.

ಸ್ಪ್ಯಾನರ್ ಹದಿನಾಲ್ಕು

ಟ್ರಾನ್ಸ್‌ಫರ್ ಕೇಸ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಪಾಪದ್ದು, ಎಲ್ಲರೂ ಮರೆಯೋದು ಅದನ್ನೇ. ಜಿಪ್ಸಿಯಲ್ಲಿ ಅದು ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ, ಸಣ್ಣ ಪ್ರೊಪೆಲ್ಲರ್ ಶಾಫ್ಟ್‌ನಿಂದ ಸೇರಿಕೊಂಡು ಬೇರೆಯಾಗಿ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ. 1.3 ಲೀಟರ್ ಇಂಜಿನ್ ಗಾಡಿಯಲ್ಲಿ ಹೈ ರೇಂಜೇ 1.409 ಅನುಪಾತ, ಲೋ 2.268. ಅಂದರೆ ಟೂ ವ್ಹೀಲ್‌ನಲ್ಲಿ ಟಾರ್ ರಸ್ತೆಯಲ್ಲಿ ಓಡುವಾಗಲೂ ಶಕ್ತಿ ಅದರ ಗೇರ್‌ಗಳ ಮೂಲಕವೇ ಹೋಗುತ್ತೆ, ನೇರ ದಾರಿ ಇಲ್ಲ. ಇರೋದು 0.8 ಲೀಟರ್ ಆಯಿಲ್. ಔಟ್‌ಪುಟ್ ಶಾಫ್ಟ್ ಸೀಲಿಂದ ತೊಟ್ಟಿಕ್ಕಿ ಕಾಲು ಲೀಟರ್ ಕಮ್ಮಿಯಾದರೆ ಮೂರನೇ ಒಂದು ಭಾಗವೇ ಹೋದಂತೆ. 50ರ ಮೇಲೆ ಸಣ್ಣಗೆ ಊಳಿಡೋ ಸದ್ದು ಬಂದು, ಆಕ್ಸಿಲರೇಟರ್ ಬಿಟ್ಟಾಗ ಅದರ ಸ್ವರ ಬದಲಾದರೆ ಮೊದಲು ಅಲ್ಲಿನ ಲೆವೆಲ್ ನೋಡಿ.

ಮಹೀಂದ್ರದ ಹಳೆ ಎಂಎಂ 540 ಜೀಪ್ ಇರೋರು ಈ ಲೆಕ್ಕ ಹಾಕಬೇಡಿ. ಅದರಲ್ಲಿ ಟ್ರಾನ್ಸ್‌ಫರ್ ನೇರವಾಗಿ ಗೇರ್‌ಬಾಕ್ಸ್ ಬೆನ್ನಿಗೆ ಕೂತಿದೆ, ನಡುವಿನ ಸೀಲ್ ಸವೆದರೆ ಒಂದರ ಆಯಿಲ್ ಇನ್ನೊಂದಕ್ಕೆ ಹೋಗುತ್ತೆ. ಎರಡರಲ್ಲೂ ಒಂದೇ ಜಿಎಲ್-4 ಇರಲಿ, ಎರಡರ ಲೆವೆಲನ್ನೂ ಒಟ್ಟಿಗೆ ನೋಡಿ.

ಓಮ್ನಿ ಹಾಸನ

ಮಾರುತಿ 800ಕ್ಕೆ ಒಂದೇ ಆಯಿಲ್ ಹಾಕ್ತಾರಲ್ಲ, ಅದರಲ್ಲೂ ಡಿಫ್ ಇದೆಯಲ್ವಾ?

ಪಿನಿಯನ್

800 ಮುಂದಿನ ಚಕ್ರದ ಗಾಡಿ. ಡಿಫ್ ಗೇರ್‌ಬಾಕ್ಸ್ ಒಳಗೇ ಇದೆ, ಇಂಜಿನ್ ಅಡ್ಡಡ್ಡ ಕೂತಿರೋದರಿಂದ ಶಕ್ತಿಯನ್ನ ಮೂಲೆ ತಿರುಗಿಸೋ ಅಗತ್ಯವೇ ಇಲ್ಲ. ಅಲ್ಲಿರೋದು ಸಾದಾ ಹೆಲಿಕಲ್ ಗೇರ್, ಹೈಪಾಯ್ಡ್ ಅಲ್ಲ. ಜಿಎಲ್-4 ಒಂದೇ ಸಾಕು. ನಿಮ್ಮ ಓಮ್ನಿ ಹಾಗಲ್ಲ, ಹಿಂದಿನ ಚಕ್ರದ ಗಾಡಿ, ಆಕ್ಸಲ್‌ನಲ್ಲಿ ಹೈಪಾಯ್ಡ್ ಇದೆ. ಗೇರ್‌ಬಾಕ್ಸ್‌ಗೆ ಜಿಎಲ್-4, ಹಿಂದೆ ಜಿಎಲ್-5.

ಕುಡ್ಲ ಫೋರ್ ಬೈ ಫೋರ್

ಹಳ್ಳ ದಾಟುವ ಗಾಡಿ ಅಂತ ಬರೆದಿದ್ದೀರಲ್ಲ, ನನಗೆ ಕಾಣುವುದು ಅದೇ ದೊಡ್ಡ ವಿಷಯ ಮಾರಾಯ್ರೆ. ಎಷ್ಟು ಒಳ್ಳೆಯ ಆಯಿಲ್ ಹಾಕಿದರೂ ನೀರು ಸೇರಿದರೆ ಮುಗಿಯಿತು.

ಘಾಟಿಯಲ್ಲಿ ಓಡಿ ಬಂದ ಆಕ್ಸಲ್ ಬಿಸಿ ಉಂಟು. ಅದು ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಆಕ್ಸಲ್ ಮೇಲಿನ ಬ್ರೀದರ್ (ಗಾಳಿ ಆಡುವ ಸಣ್ಣ ಕಿಂಡಿ) ಮಣ್ಣು ಕಟ್ಟಿಕೊಂಡಿದ್ದರೆ ಅದು ಸೀಲಿನ ಸಂದಿನಿಂದ ನೀರನ್ನೇ ಎಳೆದುಕೊಳ್ಳುವುದು. ಬ್ರೀದರ್ ಕೈಯಲ್ಲಿ ಆಡಿಸಿ ನೋಡಿ, ಟೋಪಿ ಅಲುಗಾಡಬೇಕು. ಅದನ್ನು ತೆಗೆದು, ಅಲ್ಲಿಗೆ ನಿಪ್ಪಲ್ ಹಾಕಿ, ಆಯಿಲ್ ತಾಳುವ ರಬ್ಬರ್ ಪೈಪನ್ನು ಮುಂದಿನದ್ದಾದರೆ ಬಾನೆಟ್ ಒಳಗೆ, ಹಿಂದಿನದ್ದಾದರೆ ಬಾಡಿಯ ಎತ್ತರದ ಮೂಲೆಗೆ ಒಯ್ದರೆ ಒಳ್ಳೆಯದು. ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಪೈಪನ್ನು ಬಿಗಿಯಾಗಿ ಕಟ್ಟಬೇಡಿ. ಹಳ್ಳಕ್ಕೆ ಇಳಿಯುವ ಮೊದಲು ಗಾಡಿ ಸ್ವಲ್ಪ ಹೊತ್ತು ನಿಲ್ಲಿಸಿದರೂ ಪ್ರಯೋಜನ ಉಂಟು.

ನೀರು ಸೇರಿದೆಯಾ ಅಂತ ನೋಡಲು ಪೂರ್ತಿ ಬಸಿಯಬೇಕಂತ ಇಲ್ಲ. ರಾತ್ರಿ ಇಡೀ ಗಾಡಿ ನಿಂತಿರಲಿ, ನೀರು ಭಾರ, ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ಗಾಡಿ ಅಲುಗಿಸದೆ, ಡ್ರೈನ್ ಪ್ಲಗ್ಗನ್ನು ತೊಟ್ಟಿಕ್ಕುವಷ್ಟೇ ಸಡಿಲ ಮಾಡಿ ಬಿಳಿ ತಟ್ಟೆ ಹಿಡಿಯಿರಿ. ಮೊದಲ ಹನಿಗಳು ನೀರಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಓಡಿಸಿ ಕಲಕಿ ಹೋಗಿದ್ದರೆ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ಆ ಬಣ್ಣ ಕಂಡರೆ ಇನ್ನೊಂದು ವಾರ ಓಡಿಸೋಣ ಎಂಬುದು ಬೇಡ. ಗಾಡಿ ನಿಂತಲ್ಲೇ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ.

ಮೂಡಿಗೆರೆ ಕಿಂಗ್

ಹಾಗೆ ಬಣ್ಣ ತಿರುಗಿದ್ದರೆ ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ತೊಳೆಯಬಹುದಾ?

ಹುಬ್ಳಿ ಗ್ಯಾರೇಜ್

ಬ್ಯಾಡ್ರಿ. ಡಿಫ್ ತಳದಾಗ, ಆಕ್ಸಲ್ ಟ್ಯೂಬಿನ ಒಳಗ ಸೀಮಿಎಣ್ಣಿ ಉಳೀತೈತಿ, ಪೂರ್ತಿ ಹೊರಗ ಬರೂದಿಲ್ಲ. ಹೊಸಾ ಆಯಿಲ್ ಅದರ ಜೊತಿ ಸೇರಿ ತೆಳ್ಳಗಾಗ್ತೈತಿ. ಸೋವಿ 90 ಗೇರ್ ಆಯಿಲನ ಹಾಕ್ರಿ, ಭಾರ ಹೇರ್ದ ಐದಾರು ಕಿಲೋಮೀಟರ್ ಓಡಿಸ್ರಿ, ಬಿಸಿ ಇದ್ದಾಗ ಇಳಸ್ರಿ. ಬಣ್ಣ ಇನ್ನೂ ಮಂದ ಇದ್ರ ಇನ್ನೊಮ್ಮೆ. ಆಮ್ಯಾಲ ಖರೇ ಆಯಿಲ್.

ಹಳೆಕಬ್ಬಿಣ

ಇಳಿಸೋ ಕ್ರಮ ಹೇಳಿಬಿಡ್ತೀನಿ, ಇದರಲ್ಲೇ ಬಹಳ ಜನ ಎಡವೋದು.

ಮೊದಲು ಫಿಲ್ಲರ್ ಪ್ಲಗ್ (ತುಂಬೋದು, ಲೆವೆಲ್ ನೋಡೋದು ಇದರಲ್ಲೇ) ಬಿಚ್ಚಿ, ಆಮೇಲೆ ತಳದ ಡ್ರೈನ್. ಡ್ರೈನ್ ಬಿಚ್ಚಿ ಆಯಿಲ್ ಎಲ್ಲ ಹೋದ ಮೇಲೆ ಫಿಲ್ಲರ್ ತುಕ್ಕು ಹಿಡಿದು ಬರಲಿಲ್ಲ ಅಂದರೆ ಗಾಡಿ ಅಲ್ಲೇ ಕೂತಿತು. ಪ್ಲಗ್ ಸುತ್ತ ವೈರ್ ಬ್ರಷ್ ಹಾಕಿ, ಹಿಂದಿನ ದಿನವೇ ತುಕ್ಕು ಬಿಡಿಸೋ ಎಣ್ಣೆ ಬಿಡಿ, ಅಳತೆಗೆ ಸರಿಯಾದ ಬಾಯಿಯ ಪಾನವೇ ಹಾಕಿ. ಪೈಪ್ ಪಾನ ಹಾಕಿ ಮೂಲೆ ಉರುಟು ಮಾಡಿದರೆ ಆಮೇಲೆ ನಟ್ ವೆಲ್ಡ್ ಮಾಡಿಸಿ ತೆಗೆಯೋ ಕರ್ಮ.

ಹತ್ತು ಕಿಲೋಮೀಟರ್ ಓಡಿಸಿ ಬಂದು ಬಿಸಿ ಇರುವಾಗಲೇ ಇಳಿಸಿ. ತಣ್ಣಗಿದ್ದರೆ ಸವೆದ ಪುಡಿಯೆಲ್ಲ ತಳದಲ್ಲೇ ಉಳಿಯುತ್ತೆ. ಒಂದೇ ಕಡೆ ಜಾಕ್ ಕೊಟ್ಟು ಲೆವೆಲ್ ನೋಡಬೇಡಿ, ಗಾಡಿ ವಾಲಿದಷ್ಟೂ ಲೆವೆಲ್ ಸುಳ್ಳು ಹೇಳುತ್ತೆ. ತುಂಬೋದಕ್ಕೆ ಆಯಿಲ್ ಗನ್ ಇದ್ದರೆ ಸರಿ, ಇಲ್ಲದಿದ್ದರೆ ಡಬ್ಬವನ್ನ ಬಿಸಿಲಲ್ಲಿಟ್ಟು, ಮೇಲಿಂದ ಆಲಿಕೆಗೆ ಉದ್ದ ಪೈಪ್ ಸಿಕ್ಕಿಸಿ ಬಿಡಿ. ತೂತಿಂದ ಹೊರಗೆ ಹರಿಯೋಕೆ ಶುರುವಾದ ಮೇಲೂ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಬಿಡಿ. ಡಿಫ್‌ನಲ್ಲಿ ಆಯಿಲ್ ಆಕ್ಸಲ್ ಟ್ಯೂಬಿಗೆ ನಿಧಾನವಾಗಿ ಹೋಗುತ್ತೆ, ಮೊದಲ ಸಲಕ್ಕೇ ಪ್ಲಗ್ ಹಾಕಿದರೆ ಕಮ್ಮಿ ಬೀಳುತ್ತೆ.

ಹಾಗಂತ ಗಾಡಿ ಓರೆ ನಿಲ್ಲಿಸಿ ಜಾಸ್ತಿ ತುಂಬೋದೂ ತಪ್ಪು. ಹೆಚ್ಚಾದ ಆಯಿಲ್ ನೊರೆ ಕಟ್ಟುತ್ತೆ, ಹಿಂದಿನ ಆಕ್ಸಲ್ ಸೀಲ್ ದಾಟಿ ಡ್ರಮ್ ಒಳಗೆ ಬ್ರೇಕ್ ಲೈನರ್ ನೆನೆಸುತ್ತೆ. ಆಯಿಲ್ ಕುಡಿದ ಲೈನರ್ ಮರಳು ಕಾಗದ ತಿಕ್ಕಿದರೆ ಸರಿಹೋಗಲ್ಲ, ಬದಲಾಯಿಸಲೇಬೇಕು.

ಸ್ಪ್ಯಾನರ್ ಹದಿನಾಲ್ಕು

ಇಳಿಸಿದ ಆಯಿಲನ್ನ ಹಾಗೇ ಚೆಲ್ಲಬೇಡಿ, ಬಿಸಿಲಿಗೆ ಹಿಡಿದು ನೋಡಿ. ಪ್ಲಗ್ ತುದಿಯಲ್ಲಿ ಬೂದು ಬಣ್ಣದ ನುಣ್ಣನೆ ಅಂಟು ಇದ್ದರೆ ಸಹಜ ಸವೆತ. ಉಗುರಿಗೆ ಸಿಗೋ ಚೂರು, ಹಲ್ಲಿನ ತುಣುಕು ಬಂದರೆ ಹೊಸ ಆಯಿಲ್ ಹಾಕಿ ಪ್ರಯೋಜನ ಇಲ್ಲ, ಬಿಚ್ಚಿಸಿ. ಗೇರ್‌ಬಾಕ್ಸ್ ಆಯಿಲಲ್ಲಿ ಚಿನ್ನದ ಪುಡಿ ಹಾಗೆ ಮಿನುಗಿದರೆ ಅದು ಸಿಂಕ್ರೊ ರಿಂಗಿನ ಹಿತ್ತಾಳೆ. ಅಯಸ್ಕಾಂತಕ್ಕೆ ಅಂಟಲ್ಲ, ಅದಕ್ಕೇ ಪ್ಲಗ್ ಮಾತ್ರ ನೋಡಿ ಸುಮ್ಮನಾಗೋರಿಗೆ ಗೊತ್ತಾಗಲ್ಲ. ಸ್ವಲ್ಪ ಮಿನುಗಿದರೆ ಜಿಎಲ್-4 ಹಾಕಿ ಇನ್ನೂ ಕೆಲವು ವರ್ಷ ಓಡಿಸಬಹುದು. ರಿಂಗಿನ ಗೀರು ಪೂರ್ತಿ ನುಣುಪಾಗಿದ್ದರೆ ಯಾವ ಆಯಿಲೂ ಅದನ್ನ ವಾಪಸ್ ತರಲ್ಲ.

ಕುಡ್ಲ ಫೋರ್ ಬೈ ಫೋರ್

ಮುಂದಿನ ಡಿಫ್ ಲೆವೆಲ್ ಪದೇ ಪದೇ ಕಡಿಮೆ ಆಗಿ, ಕೆಳಗೆ ಎಲ್ಲಿಯೂ ಹನಿ ಕಾಣದಿದ್ದರೆ ಸ್ಟೀರಿಂಗ್ ನಕಲ್ (ಮುಂದಿನ ಚಕ್ರ ತಿರುಗುವ, ಆಕ್ಸಲ್ ತುದಿಯ ಚೆಂಡಿನಂಥ ಕೀಲು) ನೋಡಿ. ಆಕ್ಸಲ್ ಟ್ಯೂಬಿನ ತುದಿಯ ಒಳಗಿನ ಸೀಲ್ ಹೋದರೆ ಡಿಫ್ ಆಯಿಲ್ ನಕಲ್ ಒಳಗೆ ಹೋಗಿ ಅಲ್ಲಿನ ಗ್ರೀಸನ್ನು ಗಂಜಿ ಮಾಡುತ್ತದೆ. ಆಮೇಲೆ ಅದು ಚೆಂಡಿನ ಹಿಂದಿನ ವೈಪರ್ ಸೀಲಿನಿಂದ ಇಳಿದು ಟಯರಿನ ಒಳಬದಿಗೆ ಹಚ್ಚಿಕೊಳ್ಳುತ್ತದೆ. ಹೊರಗಿನ ವೈಪರ್ ಸೀಲ್ ಮಾತ್ರ ಬದಲಾಯಿಸಿ ಕಳಿಸುವವರುಂಟು. ಒಳಗಿನದ್ದು ಹಾಕದಿದ್ದರೆ ಅದು ನಿಲ್ಲುವುದಿಲ್ಲ.

ಹಬ್ ಲಾಕ್ (ಮುಂದಿನ ಚಕ್ರವನ್ನು ಆಕ್ಸಲ್‌ಗೆ ಸೇರಿಸುವ, ಬಿಡಿಸುವ ಬೀಗ) ಇರುವ ಗಾಡಿಯಾದರೆ ತಿಂಗಳಿಗೊಮ್ಮೆಯಾದರೂ ಲಾಕ್ ಮಾಡಿ ಕೆಲವು ಕಿಲೋಮೀಟರ್ ಓಡಿಸಿ. ತಿಂಗಳುಗಟ್ಟಲೆ ತಿರುಗದ ಡಿಫ್‌ನಲ್ಲಿ ಮೇಲಿನ ಅರ್ಧ ಕ್ರೌನಿಗೆ ಆಯಿಲ್ ತಾಗುವುದೇ ಇಲ್ಲ.

ಮೂಡಿಗೆರೆ ಕಿಂಗ್

ಅಂಗಡಿಯಲ್ಲಿ ಒಂದು ಡಬ್ಬದ ಮೇಲೆ "ಜಿಎಲ್-4/ಜಿಎಲ್-5" ಅಂತ ಎರಡೂ ಇದೆ. ಇದಾದರೆ ನಾಲ್ಕೂ ಕಡೆಗೆ ಒಂದೇ ಆಗುತ್ತಲ್ಲ? ಎಲ್‌ಎಸ್‌ಡಿ ಅಂತ ಬರೆದಿದ್ದೂ ಒಂದಿದೆ.

ಪಿನಿಯನ್

ಎರಡೂ ಬರೆದಿದ್ದರೆ ಜಿಎಲ್-5 ಅಂತಲೇ ತಿಳ್ಕೊಳ್ಳಿ. ಜಿಎಲ್-5ರ ಪರೀಕ್ಷೆ ಪಾಸಾಗಬೇಕಾದರೆ ಅಷ್ಟು ಇಪಿ ಇರಲೇಬೇಕು, ಅದು ಜಿಎಲ್-4ರ ಪರೀಕ್ಷೆಯನ್ನೂ ಸುಲಭವಾಗಿ ದಾಟುತ್ತೆ, ಆದರೆ ಆ ಪರೀಕ್ಷೆ ಸಿಂಕ್ರೊ ಹೇಗೆ ಹಿಡಿಯುತ್ತೆ ಅಂತ ನೋಡಲ್ಲ. "ಸಿಂಕ್ರೊಮೆಶ್ ಗೇರ್‌ಬಾಕ್ಸ್‌ಗೆ" ಅಂತ ಡಬ್ಬದಲ್ಲೇ ಸ್ಪಷ್ಟವಾಗಿ ಬರೆದಿದ್ದರೆ ಮಾತು ಬೇರೆ. ನಾಲ್ಕು ಕಡೆಗೂ ಒಂದೇ ಹಾಕೋ ಆಸೆ ಬಿಡಿ. ಜಿಎಲ್-4ನ್ನೇ ಡಿಫ್‌ಗೂ ಹಾಕೋದು ಇದಕ್ಕಿಂತ ಕೆಟ್ಟದ್ದು. ಸಿಂಕ್ರೊ ಕರ್ರ್ ಅಂತ ಎಚ್ಚರಿಸುತ್ತೆ, ಕ್ರೌನ್ ಪಿನಿಯನ್ ಹಲ್ಲು ಸದ್ದಿಲ್ಲದೆ ಗೀರಾಗಿ, ಊಳಿಡೋ ಹೊತ್ತಿಗೆ ಕೆಲಸ ಕೆಟ್ಟಿರುತ್ತೆ.

ಜಿಪ್ಸಿಯ ಎರಡೂ ಡಿಫ್ ಸಾದಾ, ಒಳಗೆ ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯೋ ಡಿಫ್) ಕ್ಲಚ್ ಪ್ಲೇಟ್ ಇಲ್ಲ. ಆ ಆಯಿಲ್ ಹಾಕಿದರೆ ಹಾನಿ ಇಲ್ಲ, ದುಡ್ಡು ದಂಡ.

ಘಟ್ಟದ ಗಾಡಿ

ಎಷ್ಟು ದಿನಕ್ಕೆ ಬದಲಾಯಿಸೋದು ಅಂತ ಯಾರೋ ಕೇಳೋ ಮೊದಲೇ: ಒಣ ರಸ್ತೆಯ ಗಾಡಿಗೆ 40,000 ಕಿಲೋಮೀಟರ್ ಅಥವಾ ಎರಡು ವರ್ಷ, ತೋಟದ ಗಾಡಿಗೆ ಅದರ ಅರ್ಧ. ಹಳ್ಳ ದಾಟೋ ಗಾಡಿಗೆ ಕಿಲೋಮೀಟರ್ ಲೆಕ್ಕ ಇಲ್ಲ, ಮಳೆಗಾಲ ಮುಗಿದ ಮೇಲೆ ಎರಡೂ ಡಿಫ್ ಒಮ್ಮೆ ಇಳಿಸಿ. ಇಳಿಸಿದ್ದನ್ನ ಬೇಲಿ ಗೂಟಕ್ಕೆ ಗೆದ್ದಲು ಬರದಂತೆ ಬಳಿಯೋ ಅಭ್ಯಾಸ ನಮ್ಮ ಕಡೆ ಇದೆ. ಮಳೆಗೆ ತೊಳೆದು ಕೆರೆಗೇ ಹೋಗುತ್ತೆ. ಡಬ್ಬದಲ್ಲಿ ತುಂಬಿ ಹಳೆ ಆಯಿಲ್ ಕೊಳ್ಳೋರಿಗೆ ಕೊಡಿ.

ಮೂಡಿಗೆರೆ ಕಿಂಗ್

ಸರಿ, ಗೇರ್‌ಬಾಕ್ಸ್‌ಗೆ ಸಿಂಥೆಟಿಕ್ ಜಿಎಲ್-4, ಟ್ರಾನ್ಸ್‌ಫರ್‌ಗೂ ಅದರಲ್ಲೇ ಉಳಿದದ್ದು, ಡಿಫ್‌ಗೆ ಸಾದಾ 80ಡಬ್ಲ್ಯೂ-90 ಜಿಎಲ್-5 ನಾಲ್ಕು ಲೀಟರ್. ಕೊನೆಗೆ ಉಳಿಯೋ ಅರ್ಧ ಲೀಟರ್ ಜಿಎಲ್-5 ಸ್ಟೀರಿಂಗ್ ಬಾಕ್ಸ್‌ಗೆ ಬರುತ್ತಾ? ಪವರ್ ಸ್ಟೀರಿಂಗ್ ಇಲ್ಲ.

ಹಳೆಕಬ್ಬಿಣ

ಬರುತ್ತೆ. ಪವರ್ ಇಲ್ಲದ ಸ್ಟೀರಿಂಗ್ ಬಾಕ್ಸ್‌ಗೆ ಹೈಪಾಯ್ಡ್ 90 ಗೇರ್ ಆಯಿಲೇ. ಮೇಲಿನ ಪ್ಲಗ್ ಬಿಚ್ಚಿ ಕಡ್ಡಿ ಹಾಕಿ ನೋಡಿ, ಕಮ್ಮಿ ಇದ್ದಷ್ಟು ಮಾತ್ರ ಬಿಡಿ. ಹಾಕಿದ್ದು ಒಂದು ತಿಂಗಳಲ್ಲಿ ಖಾಲಿಯಾದರೆ ಪಿಟ್‌ಮನ್ ಆರ್ಮ್ (ಸ್ಟೀರಿಂಗ್ ಬಾಕ್ಸ್‌ನಿಂದ ಹೊರಗೆ ಬರೋ ತೋಳು) ಮೇಲಿನ ಸೀಲ್ ಹೋಗಿದೆ. ಸೀಲ್ ಹಾಕಿಸುವಾಗ ಆ ಶಾಫ್ಟಿನ ಬುಷ್ ಆಟವನ್ನೂ ನೋಡಿಸಿ, ಶಾಫ್ಟ್ ಅಲುಗಾಡುತ್ತಿದ್ದರೆ ಹೊಸ ಸೀಲೂ ನಿಲ್ಲಲ್ಲ.